ಹುಲ್ಲು ತಿನ್ನುವ ಮೀನು

ಗಗನಾಳಿಗೆ ಆ ಮನೆಯಲ್ಲಿ ತನ್ನದು ಅನ್ನುವ ಕೆಲಸ ಇರಲಿಲ್ಲ. ಮಾಡುವುದಕ್ಕೇನೋ ಬೇಕಾದಷ್ಟಿತ್ತು. ಪಾತ್ರೆ, ಕಸ, ಬಟ್ಟೆ, ಎರಡು ಸೀಮೆಹಸುಗಳ ಸಗಣಿ ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಆದರೆ ಸಾರಿಗೆ ಎಷ್ಟು ಖಾರ, ಡೈರಿಗೆ ಎಷ್ಟು ಹಾಲು, ಮನೆಗೆ ಎಷ್ಟು ಅನ್ನುವುದನ್ನು ಅತ್ತೆ ಕಮಲಾಕ್ಷಮ್ಮ ಹೇಳಬೇಕು. ಹಿತ್ತಲಲ್ಲಿ ಬದನೆಯೋ ಹೀರೆಯೋ ಅನ್ನುವುದನ್ನು ಮಾವ ಪರ್ವತಯ್ಯ ಹೇಳಬೇಕು. ಬಿ.ಎಸ್ಸಿ. ಓದಿದ ಹುಡುಗಿ ಮದುವೆಯಾಗಿ ಬಂದ ಮೂರು ವರ್ಷದಲ್ಲಿ ತಾನೊಬ್ಬಳೇ ತೀರ್ಮಾನ ಮಾಡಿದ್ದು ಫೋನಿನ ಕವರಿನ ಬಣ್ಣ ಒಂದನ್ನೇ.

ಊರು ಹೊಳವನಹಳ್ಳಿಗೆ ಎರಡು ಮೈಲಿ. ಪರ್ವತಯ್ಯ ವರ್ಷದಲ್ಲಿ ಆರು ತಿಂಗಳು ಊರ ವೀರಭದ್ರನ ಗುಡಿಯ ಪೂಜೆ ಮಾಡುತ್ತಿದ್ದರು. ಉಳಿದ ಆರು ತಿಂಗಳು ದಾಯಾದಿ ಚನ್ನಮಲ್ಲಯ್ಯನ ಪಾಳಿ. ಲಿಂಗ ಕಟ್ಟಿದ ಮನೆ. ಅದರ ಹೊಸಿಲನ್ನು ಇದುವರೆಗೆ ಒಂದು ಕೋಳಿಮೊಟ್ಟೆಯೂ ದಾಟಿರಲಿಲ್ಲ. ಮಗ ರೇಣುಕಪ್ರಸಾದ್, ಅಂದರೆ ಗಗನಾಳ ಗಂಡ, ಹೊಳವನಹಳ್ಳಿ ಬಸ್‌ಸ್ಟಾಪಿನ ಎದುರು ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುತ್ತಲಿನ ಊರುಗಳ ಸುಟ್ಟ ಮೋಟಾರೆಲ್ಲ ಅಲ್ಲಿಗೇ ಬರುತ್ತಿತ್ತು.

ಮನೆಯ ಹಿಂದೆ ಒಂದು ಹೊಂಡವಿತ್ತು. ನಲವತ್ತಡಿ ಉದ್ದ, ಮೂವತ್ತಡಿ ಅಗಲ, ಎಂಟಡಿ ಆಳ. ಕನಕಾಂಬರ ಹಾಕುತ್ತೇನೆಂದು ಪರ್ವತಯ್ಯ ಮೂರು ವರ್ಷದ ಹಿಂದೆ ತೋಡಿಸಿ, ಕಪ್ಪು ಶೀಟು ಹಾಸಿಸಿದ್ದರು. ಕನಕಾಂಬರ ಬೇರು ಕೊಳೆತು ಹೋಯಿತು. ಹೊಂಡ ಉಳಿಯಿತು. ಅದರ ನೀರು ಈಗ ಹಸುವಿನ ನೇಪಿಯರ್ ಹುಲ್ಲಿಗೂ ನಾಲ್ಕು ಸಾಲು ತರಕಾರಿಗೂ ಹೋಗುತ್ತಿತ್ತು.

ಜೂನ್ ಮೊದಲ ವಾರ ಆಶಾ ಕಾರ್ಯಕರ್ತೆ ರಾಮಾಂಜಿನಮ್ಮ ಬಂದು, ಯಾರನ್ನೂ ಕೇಳದೆ ಹಿತ್ತಲಿಗೆ ನಡೆದು, ಹೊಂಡದಿಂದ ಒಂದು ಮಗ್ಗು ನೀರು ಎತ್ತಿಕೊಂಡು ಬಂದು ಜಗಲಿಯ ಮೇಲಿಟ್ಟಳು. ನೀರಿನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಮೇಗಳ ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಬಂದಿದೆ, ಇದನ್ನು ಹೀಗೇ ಬಿಟ್ಟರೆ ಪಂಚಾಯ್ತಿಯವರು ಹೊಂಡ ಮುಚ್ಚಿಸುತ್ತಾರೆ ಅಂದಳು. ಗಪ್ಪಿ ಮೀನು ತಂದು ಬಿಡುತ್ತೇನೆ, ಕಾಸು ಕೊಡಬೇಕಾಗಿಲ್ಲ ಅಂತಲೂ ಅಂದಳು.

"ಅವು ಏನು ತಿಂತವೆ?" ಪರ್ವತಯ್ಯ ಕೇಳಿದರು.

"ಇದ್ನೇ. ಸೊಳ್ಳೆ ಮರೀನ."

"ಅಂಗಾದ್ರೆ ಬ್ಯಾಡ. ದಿನಾ ಪೂಜೆ ಮಾಡೋನ ಹಿತ್ತಲಲ್ಲಿ ದಿನಾ ಕೊಲೆ ಆಗೋದು ಬ್ಯಾಡ."

"ಸೊಳ್ಳೆ ಕಚ್ಚಿದ್ರೆ ನೀವು ಹೊಡೆಯಾಕಿಲ್ವಾ ಅಯ್ನೋರೇ?"

"ಅದಕ್ಕೆ ಕೈ ತಾನಾಗೇ ಹೋಯ್ತದೆ. ನಾನೇನು ಕೈ ಸಾಕಿಲ್ಲ, ಹುಟ್ಟಿದಾಗಿಂದ ಐತೆ."

ರಾಮಾಂಜಿನಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು. ಕಂಬದ ಹಿಂದೆ ನಿಂತಿದ್ದ ಗಗನಾ ಆಗ ಬಾಯಿ ಬಿಟ್ಟಳು.

"ಮಾವ, ಹುಲ್ಲು ತಿನ್ನೋ ಮೀನೂ ಇದೆ."

ಪರ್ವತಯ್ಯ ಸೊಸೆಯ ಕಡೆ ತಿರುಗಿದರು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲೂ ಇಲ್ಲ.

ಆಮೇಲೆ ಒಂದು ವಾರ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಗಗನಾ ಫೋನಿನಲ್ಲಿ ವಿಡಿಯೋ ತೋರಿಸಿದಳು. ಹುಲ್ಲುಗೆಂಡೆ ಅಂತ ಅದರ ಹೆಸರು, ಹಸುವಿನ ಹಾಗೆ ಹುಲ್ಲು ಮೇಯುತ್ತದೆ, ಮೀನು ಓಡಾಡಿ ನೀರು ಕಲಕುತ್ತಿದ್ದರೆ ಸೊಳ್ಳೆ ಮೊಟ್ಟೆ ಇಡುವುದಿಲ್ಲ, ಒಂದು ವರ್ಷಕ್ಕೆ ಒಂದೂವರೆ ಕೇಜಿ ತೂಗುತ್ತದೆ. ಮಾರುವವರಿಗೆ ಜೀವಂತವಾಗಿಯೇ ಹಿಡಿದುಕೊಟ್ಟರಾಯಿತು. ರೇಣುಕಪ್ರಸಾದ್ ಹೆಂಡತಿಗೆ "ಅಪ್ಪಾಜಿನ ಕೇಳು" ಅನ್ನುವನು, ಅಪ್ಪನಿಗೆ "ಅವಳನ್ನೇ ಕೇಳಿ" ಅನ್ನುವನು, ಮುದ್ದೆ ಮುರಿದು ಸಾರಿಗೆ ಅದ್ದುವನು. ಕಮಲಾಕ್ಷಮ್ಮನ ಆಕ್ಷೇಪಣೆ ಬೇರೆ ಥರದ್ದು.

"ಮೀನು ತೊಳೆದ ನೀರು ಹೆಂಗಿರ್ತದೆ ಅಂತ ಕಂಡೋಳಲ್ಲ. ಮೀನು ಸಾಕ್ತಾಳಂತೆ."

"ನೀವು ಕಂಡಿದೀರಾ ಅತ್ತೆ?"

"ಅದಕ್ಕೇ ಹೇಳ್ತಿರೋದು. ಇಬ್ರೂ ಕಾಣದೇ ಇರೋದ್ನ ಯಾಕೆ ಸಾಕ್ಬೇಕು?"

ಕೊನೆಗೆ ಪರ್ವತಯ್ಯ ಒಪ್ಪಿದರು. ಒಪ್ಪಿದ್ದಕ್ಕೆ ಕಾರಣ ಹೊಂಡ ಮುಚ್ಚಿಸುವ ಮಾತು. ತೋಡಿಸಿದವರು ಅವರೇ ಆದ್ದರಿಂದ ಪಂಚಾಯ್ತಿಯವರ ಬಾಯಲ್ಲಿ ಅದನ್ನು ಕೇಳಲು ಅವರಿಗೆ ಇಷ್ಟವಿರಲಿಲ್ಲ. ಕಟ್ಟಳೆ ಹಾಕಿದರು. ಹುಲ್ಲು ತಿನ್ನುವ ಮೀನು ಬಿಟ್ಟು ಬೇರೆ ಒಂದೂ ನೀರಿಗೆ ಇಳಿಯಕೂಡದು. ನಮ್ಮ ಜಾಗದಲ್ಲಿ ಕೊಯ್ಯಕೂಡದು.

"ಇನ್ನೊಂದು ಗಗನಾ. ಉಸ್ತುವಾರಿ ಪೂರಾ ನಿಂದು. ಏನು ಹಾಕ್ಬೇಕು, ಯಾವಾಗ ಹಿಡೀಬೇಕು, ಯಾರಿಗೆ ಕೊಡ್ಬೇಕು, ನಾನು ಕೇಳಲ್ಲ, ನಿಮ್ಮತ್ತೇನೂ ಕೇಳಲ್ಲ. ಕೆಟ್ರೂ ನಿಂದೇ. ಒಂದು ಸಲ ಕೆಟ್ರೆ ಮಣ್ಣು ತುಂಬಿಸಿ ಬುಡ್ತೀನಿ."

ಗಗನಾ ತಲೆಯಾಡಿಸಿದಳು. ಕೈ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿ ಸುಮ್ಮನೆ ಎರಡು ನಿಮಿಷ ನಿಂತು ಬಂದಳು.

ಮೀನು ಮರಿ ತರಲು ಗಂಡ ಹೆಂಡತಿ ಬೈಕಿನಲ್ಲಿ ಮಧುಗಿರಿ, ಶಿರಾ ದಾಟಿ ಬರಗೂರಿನ ಕಡೆ ಹೋದರು. ಅಲ್ಲಿ ಮೂಡಲಗಿರಿಯಪ್ಪ ಅನ್ನುವವನು ತನ್ನ ಹೊಲದಲ್ಲಿ ಆರು ಹೊಂಡ ಮಾಡಿಕೊಂಡು ಮರಿ ಮಾರುತ್ತಿದ್ದ. ಮೊಣಕಾಲಿನವರೆಗೆ ಚಡ್ಡಿ, ತಲೆಗೆ ಟವೆಲ್ಲು, ಐವತ್ತು ದಾಟಿದ ಮನುಷ್ಯ. ಹೊಂಡದ ಅಳತೆ ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ನೂರು ಮರಿ ಸಾಕು ತಾಯಿ. ನಲವತ್ತು ಕಾಟ್ಲಾ, ಮೂವತ್ತು ರೋಹು, ಇಪ್ಪತ್ತು ಗೆಂಡೆ, ಹತ್ತು ಹುಲ್ಲುಗೆಂಡೆ. ಕಾಟ್ಲಾ ಮಹಡಿ ಮೇಲಿರ್ತದೆ, ರೋಹು ನಡುಮನೇಲಿ, ಗೆಂಡೆ ನೆಲದಾಗೆ. ಯಾರ ತಟ್ಟೆಗೂ ಯಾರೂ ಕೈ ಹಾಕಾಕಿಲ್ಲ. ಒಬ್ರು ಬುಟ್ಟಿದ್ದು ಇನ್ನೊಬ್ರು ತಿಂತಾರೆ, ನೀರು ಚೊಕ್ಕಟ."

"ನಮಗೆ ಹುಲ್ಲುಗೆಂಡೆ ಒಂದೇ ಬೇಕು."

"ಒಂದೇನಾ? ಯಾಕೆ?"

ಗಗನಾ ರೇಣುಕಪ್ರಸಾದನ ಮುಖ ನೋಡಿದಳು. ಅವನು ಅಲ್ಲಿನ ಹೊಂಡದ ಮೋಟಾರಿನ ಮುಖ ನೋಡುತ್ತಿದ್ದ. ಅವಳೇ ಹೇಳಬೇಕಾಯಿತು. ಮನೆಯಲ್ಲಿ ಯಾರೂ ಮಾಂಸ ತಿನ್ನುವುದಿಲ್ಲ, ಅದಕ್ಕೇ ಮಾಂಸ ತಿನ್ನುವ ಮೀನು ಬೇಡ ಅಂತ ಮಾವ ಹೇಳಿದ್ದಾರೆ.

ಮೂಡಲಗಿರಿಯಪ್ಪ ನಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೀನಿನ ಜಾತಿ ಕೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಮೀನಿನ ಮಡಿ ಕೇಳಿದವರು ನೀವೇ ಮೊದಲು ಅಂದ. ಆಮೇಲೆ ಬಿಡಿಸಿ ಹೇಳಿದ. ಹುಲ್ಲುಗೆಂಡೆ ತಿಂದದ್ದರಲ್ಲಿ ಅರ್ಧ ಹಾಗೇ ಹಿಂದಿನಿಂದ ಬಿಡುತ್ತದೆ, ಅದು ತಳದಲ್ಲಿ ಕೂತು ಕೊಳೆಯುತ್ತದೆ, ತಿನ್ನಲು ಬೇರೆಯವರಿಲ್ಲದಿದ್ದರೆ ನೀರು ಕೆಡುತ್ತದೆ. ಒಂದೇ ಜಾತಿ ಅಂದರೆ ಅರವತ್ತರ ಮೇಲೆ ಬಿಡಬೇಡಿ, ಮೋಟಾರಿಂದ ನೀರು ಎತ್ತಿ ಹೊಂಡಕ್ಕೇ ಚಿಮ್ಮಿಸುತ್ತಿರಿ ಅಂದ. ಗಗನಾ ಎಲ್ಲ ಬರೆದುಕೊಂಡಳು. ಬರೆದುಕೊಂಡು ಇನ್ನೂರು ಮರಿ ಕೇಳಿದಳು. ಅರವತ್ತು ಮೀನಿಗೆ ಅಷ್ಟು ಜಗಳ ಆಡಿದೆನೆಂದು ಮನೆಯಲ್ಲಿ ಕಾಣಬಾರದು ಅನ್ನುವುದು ಅವಳ ಲೆಕ್ಕ. ಮೋಟಾರು ನನ್ನ ಕೆಲಸ, ವಾರದಲ್ಲಿ ಕೂರಿಸುತ್ತೇನೆ ಅಂತ ರೇಣುಕಪ್ರಸಾದ್ ಹೇಳಿದ.

ಮರಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ಚೀಲವನ್ನು ಹಾಗೇ ಹೊಂಡದ ಮೇಲೆ ಅರ್ಧ ಗಂಟೆ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ಬೆಚ್ಚಗಾದ ಮೇಲೆ ಬಾಯಿ ಬಿಚ್ಚಬೇಕು. ಆ ಅರ್ಧ ಗಂಟೆಯಲ್ಲಿ ಕಮಲಾಕ್ಷಮ್ಮ ಒಳಗಿನಿಂದ ಅರಿಶಿನ ಕುಂಕುಮ ತಂದು ನೀರಿಗೆ ಹಾಕಿ, ನಾನೇನೂ ಮೀನಿಗೆ ಹಾಕಲಿಲ್ಲ, ಗಂಗಮ್ಮನಿಗೆ ಹಾಕಿದೆ ಅಂದರು. ಪರ್ವತಯ್ಯ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. ಮರಿಗಳು ಬೆರಳುದ್ದ ಇದ್ದವು. ಚೀಲದಿಂದ ಜಾರಿ ಕಪ್ಪು ನೀರಿಗೆ ಇಳಿದು ಕಾಣದಾದವು. ಮೊದಲ ವಾರ ಹನ್ನೊಂದು ಸತ್ತವು. ಅಷ್ಟು ಸಾಯುವುದು ವಾಡಿಕೆ ಅಂತ ಮೂಡಲಗಿರಿಯಪ್ಪ ಫೋನಿನಲ್ಲಿ ಹೇಳಿದ.

ಜುಲೈ ಕಳೆಯಿತು. ಗಗನಾ ಬೆಳಿಗ್ಗೆ ಹಾಲು ಕರೆದ ಕೂಡಲೇ ನೇಪಿಯರ್ ಹುಲ್ಲನ್ನು ಸಣ್ಣಗೆ ಕತ್ತರಿಸಿ ಬಿದಿರಿನ ಚೌಕಟ್ಟಿನೊಳಗೆ ತೇಲಿಬಿಡುವಳು. ಸಂಜೆಗೆ ದಂಟು ಮಾತ್ರ ಉಳಿದಿರುತ್ತಿತ್ತು. ಅದನ್ನು ಎತ್ತಿ ತಿಪ್ಪೆಗೆ ಹಾಕುವಳು. ಸೊಳ್ಳೆ ಕಡಿಮೆಯಾಯಿತೆಂದು ರಾಮಾಂಜಿನಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದಳು. ಹುಲ್ಲಿನ ವಿಚಾರಕ್ಕೆ ಜಗಳವಾಯಿತು. ಹಸುವಿನ ಬಾಯಿಂದ ಕಿತ್ತು ಮೀನಿನ ಬಾಯಿಗೆ ಇಡುತ್ತಿದ್ದಾಳೆ, ಡೈರಿಗೆ ಹಾಕುವ ಹಾಲು ಒಂದು ಲೀಟರು ಇಳಿದಿದೆ ಅಂತ ಪರ್ವತಯ್ಯ ಅಂದರು. ಇಳಿದದ್ದು ಹಸು ಗಬ್ಬವಾಗಿರುವುದಕ್ಕೆ ಅಂತ ಗಗನಾ ಅಂದಳು. ಅದೂ ನಿಜವಿತ್ತು. ಗುಡಿಯ ಹತ್ತಿರ ಚನ್ನಮಲ್ಲಯ್ಯ ಇವರನ್ನು "ಮೀನಿನ ಅಯ್ನೋರು" ಅಂತ ಕರೆಯಲು ಶುರುಮಾಡಿದ್ದಾನೆಂದು ತಿಳಿದ ದಿನ ಪರ್ವತಯ್ಯ ರಾತ್ರಿ ಊಟದಲ್ಲಿ ಮಜ್ಜಿಗೆ ಮಾತ್ರ ಕುಡಿದು ಎದ್ದರು. ಆದರೂ ಕೊಟ್ಟ ಮಾತು ಹಿಂದೆಗೆದುಕೊಳ್ಳಲಿಲ್ಲ.

ಮೋಟಾರು ಬರಲಿಲ್ಲ. ಹೊಂಡದ ಅರ್ಧ ಎಚ್‌ಪಿ ಮೋಟಾರು ರೇಣುಕಪ್ರಸಾದನ ಅಂಗಡಿಯಲ್ಲಿ ತಂತಿ ಬಿಚ್ಚಿಸಿಕೊಂಡು ಕೂತಿತ್ತು. ಮೊದಲು ಗಿರಾಕಿಗಳದ್ದು, ಆಮೇಲೆ ಮನೆಯದ್ದು ಅನ್ನುವನು. ಗಗನಾ ನಾಲ್ಕು ಸಲ ಕೇಳಿದಳು. ಐದನೇ ಸಲ ಕೇಳಿದರೆ ಜಗಳವಾಗುತ್ತದೆಂದು ಬಿಟ್ಟಳು.

ಅಚ್ಚರಿಯೆಂದರೆ ಕಮಲಾಕ್ಷಮ್ಮ. ಮೊದಮೊದಲು ಮೂಗು ಮುಚ್ಚಿಕೊಂಡು ದೂರದಲ್ಲೇ ನಿಲ್ಲುತ್ತಿದ್ದ ಹೆಂಗಸು ಆಗಸ್ಟಿನ ಹೊತ್ತಿಗೆ ದಿನಾ ಪೂಜೆ ಮುಗಿಸಿ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ಹೊಂಡದ ಏರಿಯ ಮೇಲೆ ಬಂದು ಕೂರತೊಡಗಿದರು. ಅವರ ತವರಿನಲ್ಲಿ ಈಶ್ವರನ ಗುಡಿಗೆ ಕಲ್ಯಾಣಿ ಇತ್ತಂತೆ. ಸೋಮವಾರ ಹೆಂಗಸರೆಲ್ಲ ಕಲ್ಯಾಣಿಯ ಮೀನಿಗೆ ಮಂಡಕ್ಕಿ ಹಾಕಿಯೇ ಉಪವಾಸ ಬಿಡುತ್ತಿದ್ದರಂತೆ. ಮೀನು ಮೇಲೆ ಬಂದು ಬಾಯಿ ಬಿಟ್ಟು ತಿಂದರೆ ಹರಕೆ ಮುಟ್ಟಿತೆಂದು ಅರ್ಥ. ಗಗನಾಳಿಗೆ ಮದುವೆಯಾದಾಗಿನಿಂದ ಅತ್ತೆ ತಮ್ಮ ತವರಿನ ಮಾತು ಆಡಿದ್ದು ಅದೇ ಮೊದಲು. ಒಂದು ಹಿಡಿ ಮಂಡಕ್ಕಿಯಿಂದ ಏನೂ ಆಗುವುದಿಲ್ಲವೆಂದು ಅವಳು ಸುಮ್ಮನಾದಳು. ಏರಿಯ ಮೇಲೆ ಇಬ್ಬರೂ ಕೂತು ಅಲಸಂದೆ ಬಿಡಿಸಿದ್ದೂ ಉಂಟು.

ಗೌರಿ ಹಬ್ಬಕ್ಕೆ ಗಗನಾ ತವರಿಗೆ, ಪಾವಗಡಕ್ಕೆ, ಹೊರಟಳು. ಮೀನು ಆಗಲೇ ಗೇಣುದ್ದ ಆಗಿದ್ದವು. ದಿನಕ್ಕೆ ಒಂದೇ ಕಂತೆ ಹುಲ್ಲು, ಮೋಡ ಕಟ್ಟಿದ ದಿನ ಅದೂ ಬೇಡ, ಉಳಿದ ದಂಟು ತೆಗೆಯಬೇಕು ಅಂತ ಗಂಡನಿಗೆ ಹೇಳಿ, ಚೀಟಿ ಬರೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು. ಅವನು ಆ ಕೆಲಸವನ್ನು ಅಮ್ಮನಿಗೆ ವಹಿಸಿ ಅಂಗಡಿಗೆ ಹೋದ. ಚೀಟಿ ಮೊಳೆಯಲ್ಲೇ ಇತ್ತು.

ಸೋಮವಾರದಿಂದ ಮೋಡ ಮುಚ್ಚಿಕೊಂಡು ಸಣ್ಣಗೆ ಜಿನುಗುವುದಕ್ಕೆ ಹಿಡಿಯಿತು. ಪಾವಗಡದಲ್ಲೂ ಹಾಗೇ. ಬುಧವಾರ ಬೆಳಿಗ್ಗೆ ಗಗನಾ ತಾಯಿಯ ಜೊತೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಾಗ ಫೋನು ಬಂತು. ಅತ್ತೆಯ ನಂಬರು. ಅವರು ತಾವಾಗಿ ಎಂದೂ ಸೊಸೆಗೆ ಫೋನು ಮಾಡಿದವರಲ್ಲ.

"ಗಗನಾ, ನಿನ್ ಮೀನು ನನ್ನ ಕಂಡ್ರೆ ಹೆಂಗೆ ಬತ್ತವೆ ಗೊತ್ತೇನೆ? ಮೂರು ದಿನದಿಂದ ನೋಡ್ತಿವ್ನಿ. ಬೆಳಿಗ್ಗೆ ಎದ್ದು ಹೋದ್ರೆ ಸಾಕು, ಎಲ್ಲಾ ಮೇಲಕ್ಕೆ ಬಂದು ಬಾಯಿ ಬಿಟ್ಕೊಂಡು ನಿಂತಿರ್ತವೆ. ಓಡೋದೂ ಇಲ್ಲ. ಪಾಪ, ನೀನಿಲ್ದೆ ಹಸ್ಕೊಂಡವೆ ಅಂತ ಒಂದು ಸೇರು ಮಂಡಕ್ಕಿ ಹಾಕ್ದೆ, ಮಿಕ್ಕಿದ್ದ ಅನ್ನಾನೂ ಹಾಕ್ದೆ, ಹುಲ್ಲು ಎರಡು ಕಂತೆ. ಇನ್ನೂ ಬಾಯಿ ಬಿಡ್ತಾವೆ ಕಣೆ. ಇನ್ನೊಂದಿಷ್ಟು ಹಾಕ್ಲಾ?"

ಆ ಕಡೆ ಅತ್ತೆಯ ದನಿಯಲ್ಲಿ ಹಿಗ್ಗು ಇತ್ತು. ಈ ಕಡೆ ಗಗನಾಳ ತಾಯಿ ಯಾರು ಯಾರು ಅಂತ ಕಣ್ಣಲ್ಲೇ ಕೇಳುತ್ತಿದ್ದಳು. ಅತ್ತೆ ಫೋನು ಮಾಡಿದ್ದಾರೆಂದು ತಾಯಿಗೆ ತಿಳಿಯಲಿ ಅಂತ ಗಗನಾ ಗಟ್ಟಿಯಾಗಿಯೇ ಹೇಳಿದಳು: "ಹಾಕಿ ಅತ್ತೆ."

ಆ ದಿನವೆಲ್ಲ ಅವಳು ಖುಷಿಯಾಗಿದ್ದಳು. ಅತ್ತೆಯೇ ತನ್ನ ಕಡೆ ಆದ ಮೇಲೆ ಮಾವನನ್ನು ಒಪ್ಪಿಸುವುದು ಕಷ್ಟವಲ್ಲ, ಮುಂದಿನ ವರ್ಷ ಕಾಟ್ಲಾ, ರೋಹು ಬಿಡಬಹುದು ಅನ್ನಿಸಿತು. ಸಂಜೆ ಅದನ್ನೇ ಕೇಳಲು ಮೂಡಲಗಿರಿಯಪ್ಪನಿಗೆ ಫೋನು ಮಾಡಿದಳು. ಮಾತಿನ ಮಧ್ಯೆ ನಮ್ಮತ್ತೆಯನ್ನು ಕಂಡರೆ ಮೀನು ಬಾಯಿ ಬಿಟ್ಟುಕೊಂಡು ಬರುತ್ತವಂತೆ ಅಂತ ನಗುತ್ತಾ ಹೇಳಿದಳು.

ಅವನು ನಗಲಿಲ್ಲ. "ಯಾವೊತ್ನಾಗೆ?"

"ಬೆಳಿಗ್ಗೆ ಎದ್ದ ತಕ್ಷಣ."

"ಮೋಡ ಐತಾ ಅಲ್ಲಿ?"

"ಮೂರು ದಿನದಿಂದ."

"ತಾಯಿ, ಅದು ಹಸಿವಲ್ಲ ಕಣಮ್ಮ. ಉಸುರು ಸಾಲ್ತಿಲ್ಲ. ಬಿಸಿಲಿಲ್ದೆ ನೀರಾಗೆ ಗಾಳಿ ಮುಗ್ದೈತೆ. ಏನೂ ಹಾಕ್ಬ್ಯಾಡ ಅನ್ನು. ಹಾಕಿರೋದ್ನ ಎತ್ತಿ ಆಚೆ ಬಿಸಾಕು ಅನ್ನು. ಮೋಟಾರು ಓಡ್ಸಿ. ಮೋಟಾರಿಲ್ವಾ? ಬಿಂದಿಗೇಲಿ ಎತ್ತೆತ್ತಿ ಸುರೀರಿ. ಬೆಳಗಾಗೋವರ್ಗೂ ಸುರೀರಿ."

ಗಗನಾ ಗಂಡನಿಗೆ ಫೋನು ಮಾಡಿ ಹೇಳಿದಳು. ಅವನು ಮನೆಗೆ ಬಂದು ಬಿಂದಿಗೆಯಲ್ಲಿ ಒಂದು ಗಂಟೆ ನೀರೆತ್ತಿ ಸುರಿದ. ಬೋರಿನ ತ್ರೀಫೇಸ್ ಕರೆಂಟು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ, ಆಗ ಹೊಸ ನೀರು ಬಿಡೋಣ ಅಂತ ಹೇಳಿ ಮಲಗಿದ. ಹೊಂಡದ ಮೋಟಾರು ಅಂಗಡಿಯಲ್ಲೇ ಇತ್ತು.

ಗುರುವಾರ ಮೊದಲ ಬಸ್ಸಿಗೆ ಗಗನಾ ಹೊರಟಳು. ಮಧುಗಿರಿಯಲ್ಲಿ ಬದಲಿಸಿ, ಕೊರಟಗೆರೆಯಲ್ಲಿ ಬದಲಿಸಿ, ಮನೆ ಮುಟ್ಟಿದಾಗ ಹನ್ನೊಂದು. ಬ್ಯಾಗನ್ನು ಜಗಲಿಯ ಮೇಲಿಟ್ಟು ಹಿತ್ತಲಿಗೆ ಹೋದಳು. ಬೋರಿನ ನೀರು ಧಾರಾಳವಾಗಿ ಸುರಿಯುತ್ತಿತ್ತು. ನೀರಿನ ಮೇಲೆ ಅನ್ನದ ಅಗುಳು, ಕೊಳೆತ ಹುಲ್ಲು, ಬಿಳಿ ಹೊಟ್ಟೆ ಮೇಲಾದ ಮೀನು. ಒಂದು ಮೂಲೆಗೆ ಗಾಳಿ ತಳ್ಳಿದ್ದರಿಂದ ಅಲ್ಲಿ ಒತ್ತೊತ್ತಾಗಿ ತೇಲುತ್ತಿದ್ದವು. ಪರ್ವತಯ್ಯ ಏರಿಯ ಮೇಲೆ ಕೂತಿದ್ದರು. ಗುಡಿಯಲ್ಲಿ ಆಗ ಅವರದೇ ಆರು ತಿಂಗಳ ಪಾಳಿ. ಗುಡಿಯ ಬೀಗದ ಕೈಯನ್ನು ಚನ್ನಮಲ್ಲಯ್ಯನ ಮನೆಗೆ ಕಳಿಸಿದ್ದರು.

ಸತ್ತ ಮೀನನ್ನು ಮುಟ್ಟಿ ತೆಗೆಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗಿನವರನ್ನು ಕರೆದರೆ ತಿನ್ನಲು ಒಯ್ಯುತ್ತಾರೆ, ಸತ್ತದ್ದು ತಿಂದು ಅವರಿಗೇನಾದರೂ ಆದರೆ ಅದು ನಮ್ಮ ತಲೆಗೆ ಅಂತ ಪರ್ವತಯ್ಯ ಬೇಡವೆಂದರು. ಗಗನಾ ಸೀರೆ ಎತ್ತಿ ಕಟ್ಟಿ, ಹಳೆಯ ಸೊಳ್ಳೆಪರದೆ ಹರಿದು ಕೋಲಿಗೆ ಬಿಗಿದು ಎಳೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಕಮಲಾಕ್ಷಮ್ಮ ಸಗಣಿ ಮಂಕರಿ ತಂದು ಪಕ್ಕದಲ್ಲಿ ಕೂತು ಒಂದೊಂದನ್ನೇ ಬಾಲ ಹಿಡಿದು ಮಂಕರಿಗೆ ಹಾಕಿದರು. ತುಟಿ ಅಲ್ಲಾಡುತ್ತಿತ್ತು. ಪರ್ವತಯ್ಯ ಗುದ್ದಲಿ ತೆಗೆದುಕೊಂಡು ತೆಂಗಿನ ಬುಡದಲ್ಲಿ ಗುಂಡಿ ತೋಡಿದರು.

ಮಧ್ಯಾಹ್ನ ರೇಣುಕಪ್ರಸಾದ್ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು, "ಅಮ್ಮ, ನೀನು ಅಷ್ಟು ಸುರಿದಿದ್ದಕ್ಕೇ ಸತ್ವು" ಅಂದ.

"ನೀನು ಮೋಟಾರು ಕೂರ್ಸಿದ್ಯೇನ್ಲಾ?" ಪರ್ವತಯ್ಯ ಕೇಳಿದರು. ಮಗ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಫೋನ್‌ನಲ್ಲಿ ನಾನೇ ಹಾಕಿ ಅಂದೆ" ಅಂದಳು ಗಗನಾ.

ಕಮಲಾಕ್ಷಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. "ನೀನು ಹೇಳಿದ್ದು ನಿನ್ನೆ. ನಾನು ಹಾಕಿದ್ದು ಮೂರು ದಿನದಿಂದ. ನನ್ನ ಮರೆ ಮಾಡ್ಬ್ಯಾಡ."

ಆಮೇಲೆ ಬಡಿಸಿದರು. ತಾವು ಉಣ್ಣಲಿಲ್ಲ.

ಶುಕ್ರವಾರವೂ ಸತ್ತವು, ಶನಿವಾರವೂ ಸತ್ತವು. ಭಾನುವಾರ ಬಿಸಿಲು ಬಂತು. ಪರ್ವತಯ್ಯ ಕಾಫಿ ಕುಡಿದ ಲೋಟ ಕೆಳಗಿಟ್ಟು, ಆಡಿದ ಮಾತು ಆಡಿದ್ದೇ, ಸೋಮವಾರ ಟ್ರ್ಯಾಕ್ಟರಿನವನಿಗೆ ಮಣ್ಣಿಗೆ ಹೇಳಿದ್ದೇನೆ ಅಂದರು. ಗಗನಾ ಎದುರು ನಿಂತಳು.

"ನಾಲ್ಕು ಥರ ಮೀನು ಬಿಟ್ಟಿದ್ರೆ ಹಿಂಗಾಗ್ತಿರಲಿಲ್ಲ ಮಾವ. ಆವತ್ತೇ ಮರಿ ಕೊಟ್ಟೋರು ಹೇಳಿದ್ರು."

"ಆಗ್ತಿರಲಿಲ್ವೇನೋ."

"ಇನ್ನೊಂದು ವರ್ಷ ನೋಡೋಣ."

"ನಾನು ಗುಡಿ ಪೂಜೆ ಮಾಡೋನು ಕಣಮ್ಮ. ಮೂರು ದಿನ ಹೆಣ ಹೂತೀನಿ. ಇನ್ನೊಂದು ವರ್ಷ ನನ್ ಕೈಲಿ ಆಗಾಕಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಗನಾ ಬಗ್ಗಿ ಅವರ ಲೋಟ ಎತ್ತಿಕೊಂಡಳು. ಬದುಕುಳಿದವನ್ನು ಮೂಡಲಗಿರಿಯಪ್ಪನಿಗೆ ವಾಪಸ್ ಕೊಡುವುದೆಂದು ತೀರ್ಮಾನವಾಯಿತು. ಅವಳು ನಡುಮನೆಯಲ್ಲಿ ನಿಂತು ಫೋನು ಮಾಡಿದಳು. ಶಿರಾದಿಂದ ತುಮಕೂರಿಗೆ ಹೋಗುವ ನಮ್ಮ ಗಾಡಿ ನಾಳೆ ನಿಮ್ಮ ಕಡೆ ತಿರುಗಿಸಿಕೊಂಡು ಬರುತ್ತದೆ ಅಂದ ಅವನು, ಎಷ್ಟು ಹೋದವು ಅಂತ ಕೇಳಿದ.

"ನೂರ ಅರವತ್ತು, ನೂರ ಎಪ್ಪತ್ತು ಇರಬೇಕು" ಅಂದಳು ಗಗನಾ.

ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಕಮಲಾಕ್ಷಮ್ಮ ಕೈ ನಿಲ್ಲಿಸಿದರು.

"ಅಂದಾಜು ಯಾಕೆ ಹೇಳ್ತೀಯ? ಮೊದಲ್ನೇ ದಿನ ನೂರ ಮೂವತ್ತೆಂಟು. ಶುಕ್ರವಾರ ಇಪ್ಪತ್ತಾರು. ನೆನ್ನೆ ಒಂಬತ್ತು." ಮತ್ತೆ ಜರಡಿ ಆಡಿಸುತ್ತಾ ಹೇಳಿದರು: "ನೂರ ಎಪ್ಪತ್ಮೂರು."